ಇಂಜಿನಿಗೆ ಕಟ್ಟಿದ ಅರಿವೆ

ನಮ್ಮ ಅಡುಗೆಮನೆಯ ನಳದ ಬಾಯಿಗೆ ಒಂದು ಬಿಳಿ ಬಟ್ಟೆ ಕಟ್ಟಿರುತ್ತದೆ. ಜೈನರ ಮನೆಗಳಿಗೆ ಹೋಗಿಬರುವವರಿಗೆ ಇದೇನೂ ಹೊಸದಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಸೋಸದೆ ಕುಡಿಯಬಾರದು ಎನ್ನುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಬಟ್ಟೆ ಕೆಂಪಾಯಿತೆಂದರೆ ಸೊಸೆ ಅದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಾಳೆ. ಹಳೆಯದನ್ನು ಹಿಂಡಿ ಕಿಟಕಿಯ ಸರಳಿಗೆ ಹಾಕುತ್ತಾಳೆ. ಅದರಿಂದ ಹನಿ ಬೀಳುವುದನ್ನು ನೋಡುತ್ತ ಕೂತರೆ ನನ್ನ ಚಹಾ ಆರಿಹೋಗುತ್ತದೆ. "ಮಾವಾರ, ಚಹಾ ಮತ್ತ ಬಿಸಿ ಮಾಡಿ ಕೊಡ್ಲೇನ್ರಿ?" ಎಂದು ಆಕೆ ಕೇಳುತ್ತಾಳೆ. ವಯಸ್ಸಾದವರು ಹೀಗೆಯೇ ಎಂದು ಅಂದುಕೊಂಡಿರಬೇಕು. ವಯಸ್ಸಿಗೆ ನಾವು ಎಷ್ಟೋ ತಪ್ಪುಗಳನ್ನು ಹೊರಿಸಿ ಹಗುರಾಗುತ್ತೇವೆ. ಇದು ವಯಸ್ಸಿನದಲ್ಲ.

ನಾನು ಒಂದು ಕಾಲಕ್ಕೆ ಇಂಜಿನ್ ದೋಣಿಯ ಮಾಲಕನಾಗಿದ್ದೆ ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗುವಂಥದ್ದೇ. ನಮ್ಮೂರು ಪಂಚಗಂಗೆಯ ದಂಡೆಯ ಮೇಲೆ, ಇಚಲಕರಂಜಿಯಿಂದ ಕೆಳಗೆ. ಅಪ್ಪ ಸಾಯುವಾಗ ನನಗೆ ಬೆಲ್ಲದ ವ್ಯಾಪಾರ ಬಿಟ್ಟುಹೋಗಿದ್ದ. ನಾನು ಕೊಲ್ಹಾಪುರದ ಬೋರ್ಡಿಂಗಿನಲ್ಲಿದ್ದು ಮ್ಯಾಟ್ರಿಕ್ ಮುಗಿಸಿ ಬಂದಿದ್ದೆ. ಮ್ಯಾಟ್ರಿಕ್ ಆದವನು ಬೆಲ್ಲದ ಪೆಂಟೆಗಳ ನಡುವೆ ನೊಣ ಹೊಡೆಯುತ್ತ ಕೂರುವುದೇ ಎಂಬ ಸೊಕ್ಕು ತಲೆಗೇರಿತ್ತು. ಆಗಲೇ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳು ಸದ್ದು ಮಾಡತೊಡಗಿದ್ದವು. ನಮ್ಮ ಕಡೆಯ ಹಳ್ಳಿಗಳಿಂದ ಎಷ್ಟೋ ಜನ ಕೆಲಸಕ್ಕೆ ಹೋಗುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಉಳಿದ ದಾರಿ ಹೊಳೆ ಒಂದೇ. ಆ ಹೊಳೆಯ ಮೇಲೆ ಇಂಜಿನ್ ದೋಣಿ ಓಡಿಸುವವನೇ ನಾನು ಎಂದು ಊರ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು ಇದು.

ದೋಣಿ ಸಿಕ್ಕಿದ್ದು ಹೊಳೆಯಲ್ಲಲ್ಲ, ಗಡಹಿಂಗ್ಲಜದ ಒಂದು ಓಣಿಯಲ್ಲಿ, ಹುಣಸೆಮರದ ಕೆಳಗೆ. ಅಲ್ಲಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ನನ್ನ ಹಾಗೆಯೇ ಕನಸು ಕಂಡು, ವೆಂಗುರ್ಲೆಯ ಮೀನುಗಾರರ ಹಳೆಯ ದೋಣಿಯನ್ನು ಘಟ್ಟ ಹತ್ತಿಸಿ ತಂದಿದ್ದ. ಅದಕ್ಕೆ ಯಾವುದೋ ಮುರಿದ ಮೋಟಾರಿನ ಇಂಜಿನ್ ಜೋಡಿಸಿದ್ದರು. ಬೇಸಿಗೆಯಲ್ಲಿ ಹಿರಣ್ಯಕೇಶಿ ಹೊಳೆಯಲ್ಲಿ ಮೊಳಕಾಲು ಮುಳುಗುವಷ್ಟು ನೀರೂ ಉಳಿಯುವುದಿಲ್ಲ ಎಂಬುದನ್ನು ಆ ಪುಣ್ಯಾತ್ಮ ದೋಣಿ ತಂದಮೇಲೆ ನೋಡಿದನಂತೆ. ನಾನು ಹೋದಾಗ ಅದರ ತುಂಬ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ್ದ. ಮೀನಿನ ನಾತಕ್ಕೆ ಮೆಣಸಿನ ಘಾಟು ಸೇರಿ ಮೂಗು ಹಿಡಿದು ನಿಲ್ಲಬೇಕಾಗಿತ್ತು. ಇದು ಮೀನಿನ ದೋಣಿ ಅಲ್ಲವೇ, ನಾವು ಜೈನರು ಎಂದು ನಾನು ಅನುಮಾನಿಸಿದೆ.

"ಯಾರ ಅಂತಾರ್ರೀ ಮೀನಿಂದು ಅಂತ? ಎರಡ ವರ್ಷ ಆತು, ಮೆಣಸಿನಕಾಯಿ ಬಿಟ್ಟ ಏನೂ ಮುಟ್ಟಿಲ್ಲ. ಈಗ ಇದು ನಿಮ್ಮಕಿಂತಾ ಸೋವಳಿ ಐತಿ, ಮಡಿ ಐತಿ," ಎಂದ.

ಇಂಜಿನ್ ತೋರಿಸಲು ನೆಲದ ಮೇಲೆಯೇ ಶುರು ಮಾಡಿದ. ಅದು ಗುಡುಗಿದ ರಭಸಕ್ಕೆ ಮೆಣಸಿನ ಪುಡಿ ಎದ್ದು ಓಣಿಯ ಮಂದಿಯೆಲ್ಲ ಸೀನಿದರು. ಎರಡು ಉಸಿರು ಎಳೆಯುವುದರೊಳಗೆ ಅವನು ಅದನ್ನು ನಿಲ್ಲಿಸಿಬಿಟ್ಟ. ಸೀಮೆಎಣ್ಣೆ ಉಳಿಸುತ್ತಿದ್ದಾನೆ, ಜಿಪುಣ ಎಂದುಕೊಂಡೆ. ನೀರಿಲ್ಲದೆ ಓಡಿದರೆ ಇಂಜಿನ್ ಸುಟ್ಟುಹೋಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಎರಡು ಬಂಡಿಗಳನ್ನು ಒಂದಕ್ಕೊಂದು ಬಿಗಿದು, ಅವುಗಳ ಮೇಲೆ ದೋಣಿ ಹೇರಿ, ಸಂಕೇಶ್ವರ, ನಿಪ್ಪಾಣಿ ದಾಟಿಸಿ ಊರಿಗೆ ತಂದೆವು. ದಾರಿಯಲ್ಲಿ ಹೆಂಗಸರು ಯಾವ ದೇವರ ಮೆರವಣಿಗೆ ಎಂದು ಕೇಳಿ ಕೈಮುಗಿದರು. ನಾನು ಮುಂದಿನ ಬಂಡಿಯಲ್ಲಿ ಹ್ಯಾಟು ಹಾಕಿಕೊಂಡು ಕೂತಿದ್ದೆ. ಆ ಹ್ಯಾಟನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವ್ವ ಬಾಗಿಲಲ್ಲೇ ನಿಂತು ದೋಣಿಯ ನಾತ ಹಿಡಿದಳು. ನಮ್ಮ ಅವ್ವ ಕೂಗಾಡುವವಳಲ್ಲ. ಸೂರ್ಯ ಮುಳುಗುವ ಮೊದಲು ಊಟ, ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ಮುಟ್ಟದಿರುವುದು, ಹಾದಿಯಲ್ಲಿ ಇರುವೆ ಕಂಡರೆ ಸುತ್ತುಹಾಕಿ ನಡೆಯುವುದು, ಇವನ್ನೆಲ್ಲ ಅವಳು ಉಸಿರಾಡಿದಷ್ಟು ಸಹಜವಾಗಿ ಮಾಡುತ್ತಿದ್ದಳು. ನಾನು ಬೋರ್ಡಿಂಗಿಗೆ ಹೊರಟಾಗ ಪೆಟ್ಟಿಗೆಯಲ್ಲಿ ಪುಸ್ತಕಕ್ಕಿಂತ ಮೊದಲು ಇಟ್ಟದ್ದು ನೀರು ಸೋಸುವ ಅರಿವೆಗಳನ್ನು. ಬಾವಿಯ ನೀರಿಗೆ ಒಂದು, ನಳದ ನೀರಿಗೆ ಒಂದು. ಸೋಸಿದ ಮೇಲೆ ಅರಿವೆಯನ್ನು ತಿರುವಿ, ಸೋಸಿದ ನೀರಿನಿಂದಲೇ ಜಾಲಾಡಿಸಿ, ಅದರಲ್ಲಿ ಉಳಿದ ಜೀವಗಳನ್ನು ಎಲ್ಲಿಂದ ನೀರು ತಂದೆವೋ ಅಲ್ಲಿಗೇ ಬಿಡಬೇಕು. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ಅವರವರ ಮನೆಗೆ ಅವರವರನ್ನು ಕಳಿಸಬೇಕು ಎನ್ನುತ್ತಿದ್ದಳು. ಬೋರ್ಡಿಂಗಿನಲ್ಲಿ ನಾನು ಆ ಅರಿವೆಗಳಿಂದ ಬೂಟು ಒರೆಸಿದ್ದೆ. ಇದನ್ನೂ ಹೇಳಿಬಿಡುತ್ತೇನೆ.

ದೋಣಿಯನ್ನು ಶುದ್ಧಮಾಡಲು ಅವ್ವ ಹೇಳಿದಂತೆ ಸೋಡಾ, ಹುಣಸೆಹಣ್ಣು, ಸುಣ್ಣದ ತಿಳಿ ಹಾಕಿ ತಿಕ್ಕಿಸಿದೆ. ಹಲಗೆಗಳ ಮೇಲೆ ಅಂಟಂಟಾಗಿ ಕೂತಿದ್ದ ಕಪ್ಪು ಪದರವನ್ನೆಲ್ಲ ಕೆರೆಸಿದೆ. ಅದು ಮೀನೆಣ್ಣೆ, ಕಡಲಿನವರು ಮರ ಒಡೆಯದಿರಲಿ ಎಂದು ಬಳಿಯುತ್ತಾರೆ ಎಂದು ಆಮೇಲೆ ತಿಳಿಯಿತು. ದೋಣಿ ನಮ್ಮ ಮನೆಯ ತಾಟಿನಷ್ಟು ಸ್ವಚ್ಛವಾಯಿತು. ಹೊಳೆಗೆ ಇಳಿಸಿದ ಕೂಡಲೇ ಎಲ್ಲ ಸಂದಿಗಳಿಂದ ನೀರು ಜಿನುಗತೊಡಗಿತು. ಅಗಸೆಎಣ್ಣೆ, ರಾಳ, ಹತ್ತಿ ತುಂಬಿ ಸಂದಿ ಮುಚ್ಚಲು ಒಂದು ಬೇಸಿಗೆಯೇ ಹೋಯಿತು. ಅದನ್ನು ಮುಚ್ಚಿದವನು ರಾಮಾ ಭೋಯಿ. ನಮ್ಮ ಹೊಳೆಯ ಘಾಟಿನಲ್ಲಿ ಬಿದಿರು ಗಳ ಹಾಕಿ ದೋಣಿ ದಾಟಿಸುತ್ತಿದ್ದವನು ಅವನು. ಚುಕ್ಕಾಣಿಗೆ ಅವನನ್ನೇ ಇಟ್ಟುಕೊಂಡೆ. ಮಾತು ಕಡಿಮೆ, ಆಡಿದರೆ ಚುಚ್ಚಿ ಆಡುವವ. "ಧಣ್ಯಾರ, ಈ ದೋಣಿಗೆ ಸ್ನಾನಾ ಮಾಡಿಸಿದ್ರಿ, ಆತು. ಇನ್ನ ಇದಕ್ಕೊಂದು ಜನಿವಾರಾ ಹಾಕಿಬಿಡ್ರಿ," ಎಂದಿದ್ದ.

ಎಲ್ಲ ಸಿದ್ಧವಾದಮೇಲೆ ಅವ್ವ ನೋಡಲು ಬಂದಳು. ಇಲ್ಲಿಯೇ ನನ್ನ ಮ್ಯಾಟ್ರಿಕ್ಕು ನನಗೆ ಮುಳುವಾಯಿತು. ಇಂಜಿನ್ ಸೀಮೆಎಣ್ಣೆಯಿಂದ ಓಡುತ್ತದೆ ಎಂದು ಹೇಳಿ ಸುಮ್ಮನಾಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ಸೈನ್ಸು ಹೇಳಲು ಹೊರಟೆ. ದೋಣಿಯ ಬದಿಯಿಂದ ಹೊಳೆಗೆ ಇಳಿಬಿಟ್ಟಿದ್ದ ನಳಿಗೆ ತೋರಿಸಿ, ಇದರಿಂದ ನೀರು ಒಳಗೆ ಹೋಗುತ್ತದೆ, ಕಾದ ಇಂಜಿನನ್ನು ಸುತ್ತಿ ತಂಪುಮಾಡಿ ಆ ಇನ್ನೊಂದು ನಳಿಗೆಯಿಂದ ಹೊರಗೆ ಬೀಳುತ್ತದೆ ಎಂದೆ.

ಅವ್ವ ಹೊರಗೆ ಬೀಳುತ್ತಿದ್ದ ಧಾರೆಗೆ ಬೆರಳೊಡ್ಡಿ ತಟ್ಟನೆ ಹಿಂದೆಗೆದಳು.

"ಕುದ್ದ ನೀರು," ಎಂದಳು. "ಸೋಸೂದುಲ್ಲಾ?"

"ಇಂಜಿನ್ನಿಗೆ ಯಾಕ ಸೋಸಬೇಕವ್ವಾ? ಅದೇನು ಕುಡಿತೈತಿ?"

"ಅದು ಕುಡಿಯೂದುಲ್ಲ ಖರೆ. ಒಳಗ ಹೋದಾವು ಬೇಯತಾವಲ್ಲಪಾ."

ಅವತ್ತು ಸಂಜೆ ಅವಳು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ದಪ್ಪ ಖಾದಿಯನ್ನು ಎರಡು ಪದರು ಮಾಡಿ ಹೊಲಿದು ತಂದಳು. ಸೋಸುವ ಅರಿವೆಯನ್ನು ಬಿಸಿಲಿಗೆ ಹಿಡಿದರೆ ಬಿಸಿಲು ಈಚೆಗೆ ಬರಬಾರದು, ಅದು ಲೆಕ್ಕ. ತನ್ನ ಕೈಯಿಂದಲೇ ಅದನ್ನು ನಳಿಗೆಯ ಬಾಯಿಗೆ ಸುತ್ತಿ ದಾರ ಬಿಗಿದಳು. ದೋಣಿಗೆ ಅವಳ ಒಪ್ಪಿಗೆ ಸಿಕ್ಕಿತು.

ಅಲ್ಲಿಂದ ಇಂಜಿನ್ ಕಾಡತೊಡಗಿತು. ಘಾಟು ಬಿಟ್ಟು ಸ್ವಲ್ಪ ದೂರ ಹೋಗುವುದು, ಕೆಂಡವಾಗುವುದು, ಕೆಮ್ಮುವುದು, ನಿಲ್ಲುವುದು. ಕೊಲ್ಹಾಪುರದಿಂದ ಇಮಾಮ ಮಿಸ್ತ್ರಿಯನ್ನು ಕರೆಸಿದೆ. ಅವನು ಮೊದಲು ಪ್ಲಗ್ಗು ಎಂದ. ಆಮೇಲೆ ಕಾರ್ಬುರೇಟರ್ ಎಂದು ಅದನ್ನು ಬಿಚ್ಚಿ ಅವ್ವನ ಹಪ್ಪಳದ ಚಾಪೆಯ ಮೇಲೆ ಹರವಿದ. ಮುಂದಿನ ಸಲ ಬಂದಾಗ ಸೀಮೆಎಣ್ಣೆಯಲ್ಲಿ ಕಲಬೆರಕೆ ಎಂದ. ಕಡೆಗೆ ಯಾರದೋ ದೃಷ್ಟಿ ತಾಗಿದೆ ಎಂದು ಲಿಂಬೆಹಣ್ಣು ಕಟ್ಟಿಸಿದ. ಅರಿವೆಯತ್ತ ಅವನ ಕಣ್ಣೇ ಹೋಗಲಿಲ್ಲ, ಅದು ನೀರೊಳಗೆ ಇತ್ತಲ್ಲ. ನನಗೂ ಹೊಳೆಯಲಿಲ್ಲ. ಒಂದು ದಿನ ಅವ್ವ ಅರಿವೆ ಒಗೆದು ಒಣಹಾಕಿದ್ದಾಗ ಹಾಗೆಯೇ ಇಂಜಿನ್ ಹಚ್ಚಿ ನೋಡಿದೆವು. ಮಧ್ಯಾಹ್ನವೆಲ್ಲ ಒಂದೇ ಸಮನೆ ಓಡಿತು. ಆಗ ತಿಳಿಯಿತು. ಹೊಳೆಯ ಕೆಸರು ಖಾದಿಯನ್ನು ಮುಚ್ಚಿಬಿಡುತ್ತಿತ್ತು, ಇಂಜಿನ್ನಿಗೆ ನೀರು ಹೋಗುತ್ತಿರಲಿಲ್ಲ. ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಂಜನಾಲಾ ಉಪಾಸ ಚಾಲತ ನಾಹೀ, ಮಾಲಕ," ಎಂದ. ಇಂಜಿನ್ನಿಗೆ ಉಪವಾಸ ಆಗಿಬರುವುದಿಲ್ಲವಂತೆ. ಹಿತ್ತಾಳೆಯ ಜಾಲರಿ ಹಾಕಿ ಎಂದು ಒಂದು ತುಂಡು ಕೊಟ್ಟ. ಅವ್ವನಿಗೆ ತೋರಿಸಿದೆ. ಅವಳು ಅದನ್ನು ಬಿಸಿಲಿಗೆ ಹಿಡಿದಳು. ಅವಳ ಮುಖದ ಮೇಲೆಲ್ಲ ಬಿಸಿಲಿನ ಚುಕ್ಕೆಗಳು ಬಿದ್ದವು. ಜಾಲರಿಯನ್ನು ಹಿಂದಕ್ಕೆ ಕೊಟ್ಟಳು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು.

ಮಿಸ್ತ್ರಿ ಎಲ್ಲ ಸರಿಮಾಡಿದ್ದಾನೆ, ಇನ್ನು ಅರಿವೆ ಕಟ್ಟಿದರೂ ಓಡುತ್ತದೆ ಎಂದು ಅವ್ವನಿಗೆ ಹೇಳಿದೆ. ಬೆಳಿಗ್ಗೆ ಅವ್ವ ಘಾಟಿಗೆ ಬಂದು ಅರಿವೆ ಕಟ್ಟುತ್ತಿದ್ದಳು. ದೋಣಿ ಹೊರಡುತ್ತಿತ್ತು. ಮೇಲಕ್ಕೆ ಹೋದರೆ ಹೊಳೆ ಬಾಗುವ ಒಂದು ಕಡೆ ಬಿದಿರುಮೆಳೆ ಇತ್ತು. ಅದರ ಮರೆಗೆ ಹೋದಕೂಡಲೇ ನಾನು ಅರಿವೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಸಂಜೆ ಬರುವಾಗ ಅದೇ ಮೆಳೆಯ ಹತ್ತಿರ ಅದನ್ನು ನೀರಿಗದ್ದಿ ಮತ್ತೆ ಕಟ್ಟುತ್ತಿದ್ದೆ. ಸೂರ್ಯ ಇಳಿಯುವ ಮೊದಲು ಅವ್ವ ಸೋಸಿದ ನೀರಿನ ತಂಬಿಗೆ ಹಿಡಿದು ಬರುತ್ತಿದ್ದಳು. ಅರಿವೆ ಬಿಚ್ಚಿ, ಹೊಳೆಯ ಮೇಲೆ ಬಗ್ಗಿ, ಅದನ್ನು ಮೆಲ್ಲಗೆ ತಿರುವಿ, ತಂಬಿಗೆಯ ನೀರನ್ನು ಹನಿಹನಿಯಾಗಿ ಬಿಟ್ಟು ಜೀವಗಳನ್ನು ಮನೆಗೆ ಕಳಿಸುತ್ತಿದ್ದಳು. ಹಗಲೆಲ್ಲ ನನ್ನ ಜೇಬಿನಲ್ಲಿ ಬೀಡಿಯ ಕಟ್ಟಿನ ಜೊತೆ ಇದ್ದ ಅರಿವೆ ಅದು.

ಒಂದು ಸಂಜೆ ಅವಳು ಅರಿವೆಯನ್ನು ಹೊರಳಿಸಿ ನೋಡಿ, "ಇವತ್ತ ಹೊಳಿ ಭಾಳ ತಿಳಿ ಇತ್ತೇನೋ ಭೂಪಾ?" ಎಂದು ಕೇಳಿದಳು. ಮರುದಿನದಿಂದ ನಾನು ದಂಡೆಯ ಕೆಸರನ್ನು ಒಂದಿಷ್ಟು ಅದಕ್ಕೆ ಸವರತೊಡಗಿದೆ. ರಾಮಾ ಚುಕ್ಕಾಣಿ ಹಿಡಿದು ಬೇರೆ ಕಡೆ ನೋಡುತ್ತಿದ್ದ. "ದೇವರಿಗೆ ಗಂಧಾ ಹಚ್ಚಿದಂಗ ಹಚ್ತೀರಲ್ರೀ," ಎಂದ ಒಮ್ಮೆ. ಇಬ್ಬರೂ ನಕ್ಕೆವು. ಅವ್ವ ದಿನವೂ ಆ ಕೆಸರನ್ನು ಎಷ್ಟು ಜೋಪಾನವಾಗಿ ತೊಳೆದು ಬಿಡುತ್ತಿದ್ದಳೆಂದರೆ, ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಊರಲ್ಲಿ ಅವಳು, ನಮ್ಮ ಭೂಪಾಲನ ಇಂಜಿನ್ ಸೋಸಿದ ನೀರು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಬಸದಿಯಲ್ಲಿ ಹೆಂಗಸರು ನನ್ನನ್ನು ಕಂಡು ತಲೆದೂಗುತ್ತಿದ್ದರು. ಹ್ಯಾಟಿನ ಸೊಕ್ಕಿನ ಮೇಲೆ ಪುಣ್ಯವಂತನೆಂಬ ಸೊಕ್ಕೂ ಕೂತಿತು.

ಹೀಗೆ ಒಂದು ಮಳೆಗಾಲ ಸರಿಯಾಗಿ ನಡೆಯಿತು. ಎರಡನೆಯ ಮಳೆಗಾಲದಲ್ಲಿ ರತ್ನಕ್ಕನಿಗೆ ಜ್ವರ ಬಂತು.

ರತ್ನಕ್ಕ ನನ್ನ ಅಕ್ಕ. ನಮ್ಮೂರಿಗೂ ಇಚಲಕರಂಜಿಗೂ ನಡುವೆ, ಆಚೆ ದಂಡೆಯ ಹಳ್ಳಿಗೆ ಕೊಟ್ಟಿತ್ತು. ನನ್ನನ್ನು ಎತ್ತಿ ಆಡಿಸಿ ಅವಳ ಸೊಂಟ ಒಂದು ಕಡೆ ವಾಲಿದೆ ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಇಂಜಿನ್ ದೋಣಿ ಶುರುವಾದಮೇಲೆ ನಾನು ಆ ಘಾಟಿಗೆ ಹೋದಾಗೆಲ್ಲ ಅವಳು ಮೆಟ್ಟಿಲ ಮೇಲೆ ನಿಂತಿರುತ್ತಿದ್ದಳು. ಸದ್ದು ದೂರದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಶೇಂಗಾದ ಹೋಳಿಗೆ ಕಟ್ಟಿಕೊಡುತ್ತಿದ್ದಳು, ಅವ್ವನಿಗೆ ಒಂದು ಗಂಟು, ನನಗೆ ಒಂದು.

ಮಗ್ಗದ ಕೆಲಸಕ್ಕೆ ಹೋಗುವವನೊಬ್ಬ ಸುದ್ದಿ ತಂದ. ಜ್ವರ ಇಳಿಯುತ್ತಿಲ್ಲ, ನಡುನಡುವೆ ಎಚ್ಚರವಾದಾಗ ಅವ್ವನನ್ನು ಕೇಳುತ್ತಾಳೆ ಎಂದು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅವ್ವ ತಂಬಿಗೆ, ಒಂದು ಸೀರೆ, ಬಸದಿಯ ಗಂಧೋದಕದ ಸಣ್ಣ ಸೀಸೆ ಹಿಡಿದು ಘಾಟಿಗೆ ಬಂದಳು. ನಳಿಗೆಗೆ ಅರಿವೆ ಕಟ್ಟಿದಳು. ದಾರ ಸಡಿಲಾಗದಿರಲಿ ಎಂದು ಎರಡು ಸಲ ಬಿಗಿದಳು. ಆಮೇಲೆ ದೋಣಿಗೆ ಹತ್ತಿ ಇಂಜಿನ್ನಿನ ಪಕ್ಕದಲ್ಲಿಯೇ, ನನ್ನ ಎದುರಿಗೆ, ಕೂತಳು. ಅವಳು ನನ್ನ ದೋಣಿ ಹತ್ತಿದ್ದು ಅದೇ ಮೊದಲು.

ಬಿದಿರುಮೆಳೆ ಬಂತು. ರಾಮಾ ನನ್ನ ಮುಖ ನೋಡಿದ. ನಾನು ಹೊಳೆ ನೋಡಿದೆ. ಮೆಳೆ ಹಿಂದೆ ಹೋಯಿತು.

ಹೊರಗೆ ಬೀಳುವ ನೀರಿನ ಧಾರೆಯ ಮೇಲೆ ನನ್ನ ಕಣ್ಣು. ಮೊದಲು ಬೆರಳಿನ ಗಾತ್ರ ಇತ್ತು. ಆಮೇಲೆ ಕಡ್ಡಿಯಷ್ಟಾಯಿತು. ಆಮೇಲೆ ದಾರದಷ್ಟು. ನಿಲ್ಲಿಸಿ ಅರಿವೆ ತೊಳೆದು ಕಟ್ಟಬಹುದಿತ್ತು, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಆದರೆ ನಿಲ್ಲಿಸಿದರೆ ಅವ್ವ ಕೇಳುವಳು: ದಿನಾ ಹೀಗೆ ನಿಲ್ಲಿಸಿ ತೊಳೆಯುತ್ತೀಯೇನು? ಆ ಪ್ರಶ್ನೆಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದು ಸಣ್ಣ ಸುಳ್ಳು ಹೇಳಿದ್ದರೂ ಸಾಕಿತ್ತು. ದಿನವೂ ಸುಳ್ಳು ಹೇಳಿದವನಿಗೆ ಅವತ್ತು ಬೇಕಾದ ಸುಳ್ಳು ಬಾಯಿಗೆ ಬರಲಿಲ್ಲ. ಅಕ್ಕನ ಊರು ಇನ್ನೇನು ಬಂತು, ಅಲ್ಲಿಯವರೆಗೆ ಓಡೀತು ಎಂದು ಹಲ್ಲು ಕಚ್ಚಿ ಕೂತೆ.

"ಧಣ್ಯಾರ, ಅದನ್ನ ತಗೀರಿ," ಎಂದ ರಾಮಾ.

"ಏನ್ನ?" ಎಂದೆ.

"ನಿಮಗ ಗೊತ್ತೈತಿ."

ಅವ್ವ ಇಬ್ಬರ ಮುಖವನ್ನೂ ನೋಡಿದಳು. "ಏನ್ ತಗೀಬೇಕಂತೋ?"

"ಏನಿಲ್ಲವ್ವಾ, ಒಂದು ಬೋಲ್ಟ ಬಿಗಿ ಆಗೈತಿ," ಎಂದೆ. ಪಾನಾ ತೆಗೆದುಕೊಂಡು ಕಾರ್ಬುರೇಟರಿನ ಮೇಲೆ ಬಗ್ಗಿ, ಏನೂ ಆಗದಿದ್ದ ಒಂದು ಬೋಲ್ಟನ್ನು ತಿರುವತೊಡಗಿದೆ. ಕೈ ಸುಡುತ್ತಿತ್ತು. ಬಣ್ಣ ಸುಟ್ಟ ವಾಸನೆ ಬಂತು. ಆಚೆ ದಂಡೆಯಲ್ಲಿ ಅಕ್ಕನ ಊರಿನ ಅರಳಿಮರ ಕಾಣತೊಡಗಿತ್ತು. ಆಗ ಇಂಜಿನ್ ಒಳಗೊಳಗೇ ಕಿರುಚಿದಂತೆ ಸದ್ದುಮಾಡಿ ಬಿಗಿದುಕೊಂಡು ನಿಂತುಹೋಯಿತು. ಹಿಡಿಕೆ ಹಾಕಿ ತಿರುವಿದರೆ ಕದಲಲಿಲ್ಲ. ಹೊಳೆ ನಮ್ಮನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಕೆಳಕ್ಕೆ ಹೊರಟಿತು. ರಾಮಾ ಗಳ ಹಾಕಿದ, ಹುಟ್ಟು ಹಾಕಿದ. ಆ ನೀರಿಗೆ ಎದುರಾಗಿ ಒಬ್ಬ ಮನುಷ್ಯ ಏನು ಮಾಡಿಯಾನು? ಅವ್ವ ಅರಳಿಮರದ ಕಡೆಗೆ ಮುಖ ಮಾಡಿ ಕೂತಿದ್ದಳು. ಅದು ಸಣ್ಣದಾಗುತ್ತ ಹೋಗಿ ತಿರುವಿನಲ್ಲಿ ಮರೆಯಾಯಿತು. ನಮ್ಮೂರಿಗಿಂತಲೂ ಕೆಳಗೆ, ಒಂದು ಕಬ್ಬಿನ ಗದ್ದೆಯ ಬದುವಿಗೆ ದೋಣಿ ತಾಗಿತು.

ಇಳಿದಮೇಲೆ ಅವ್ವ ಮಾಡಿದ ಮೊದಲ ಕೆಲಸವೆಂದರೆ ಅರಿವೆ ಬಿಚ್ಚಿ ತೊಳೆದದ್ದು. ಅದು ಕೆಸರಿನಿಂದ ತೊಗಲಿನಷ್ಟು ದಪ್ಪವಾಗಿತ್ತು. "ಇವತ್ತ ಭಾಳ ಅದಾವು," ಎಂದಳು. ಎಲ್ಲವನ್ನೂ ಹೊಳೆಗೆ ಬಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಕೆಸರಿನಲ್ಲಿ ನಡೆಯತೊಡಗಿದಳು.

ನಡೆದು, ಎತ್ತಿನ ಮೇಲೆ ಕೂತು, ಮತ್ತೆ ನಡೆದು, ಮೇಲಿನ ಘಾಟಿನಲ್ಲಿ ಯಾರದೋ ಕಾಲಿಗೆ ಬಿದ್ದು ದಾಟಿಸಿಕೊಂಡು, ಮರುದಿನ ಮಧ್ಯಾಹ್ನ ಅಕ್ಕನ ಊರು ಮುಟ್ಟಿದೆವು. ಚಿತೆಯ ಬೂದಿಯ ಮೇಲೆ ಮಳೆ ಬೀಳುತ್ತಿತ್ತು.

ಅಕ್ಕನ ಅತ್ತೆ ಅಳುತ್ತ ಹೇಳಿದರು. ಹಿಂದಿನ ದಿನ ಇಂಜಿನ್ನಿನ ಸದ್ದು ಕೇಳಿಸಿತಂತೆ. ನಿಮ್ಮ ಅವ್ವ ಬಂದರು ಎಂದು ಇವರು ಹೇಳಿದ್ದಕ್ಕೆ ಅಕ್ಕ ಕಣ್ಣು ತೆರೆದು, ದಿಂಬಿಗೆ ಆನಿಸಿ ಕೂರಿಸಿ ಎಂದು ತಲೆಗೂದಲು ಸರಿಮಾಡಿಕೊಂಡಳಂತೆ. ಸದ್ದು ನಿಂತಿತು. ಘಾಟಿಗೆ ಬಂದು ನಿಂತಿರಬೇಕು, ಮೆಟ್ಟಿಲು ಹತ್ತುತ್ತಿದ್ದಾರೆ ಎಂದು ಎಲ್ಲರೂ ಬಾಗಿಲು ನೋಡಿದರಂತೆ. ಕೂತೇ ಇದ್ದಳಂತೆ, ಬಹಳ ಹೊತ್ತು.

ಇಂಜಿನ್ ಮತ್ತೆ ನನ್ನ ಕೈಗೆ ಹತ್ತಲಿಲ್ಲ. ಯುದ್ಧದ ದಿನಗಳಲ್ಲಿ ಸೀಮೆಎಣ್ಣೆಯೂ ಸಿಗದಾಯಿತು. ಮುರಗೂಡಿನ ಕಡೆಯವನೊಬ್ಬ ಕೊಂಡೊಯ್ದು, ರಿಪೇರಿ ಮಾಡಿಸಿ, ಬಾವಿಯ ಪಂಪಿಗೆ ಜೋಡಿಸಿದ. ವರ್ಷಗಟ್ಟಲೆ ಕೆಮ್ಮದೆ ಓಡಿತು ಎಂದು ಕೇಳಿದ್ದೇನೆ. ದೋಣಿಯಲ್ಲಿ ನಮ್ಮ ಎಮ್ಮೆಗಳು ಮೇವು ತಿಂದವು.

ಆ ವರ್ಷ ಭಾದ್ರಪದದಲ್ಲಿ ಕ್ಷಮಾವಳಿ ಬಂತು. ಪರ್ವ ಮುಗಿದ ಮರುದಿನ ನಮ್ಮವರು ಒಬ್ಬರಲ್ಲಿ ಒಬ್ಬರು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ ಅದು. ಬೇಕಾದಷ್ಟು ಕೇಳಿದ್ದೇನೆ, ಬೇಕಾದಷ್ಟು ಕೊಟ್ಟಿದ್ದೇನೆ. ಬಾಯಿಪಾಠ. ಆವತ್ತು ಬೆಳಿಗ್ಗೆ ಎದ್ದಾಗಲೇ, ಇವತ್ತು ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದ್ದೆ. ಇದಕ್ಕಿಂತ ಸುಲಭವಾದ ದಿನ ಬೇರೆ ಯಾವುದಿತ್ತು? ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನ ಮುಂದೆ ಬಂದು, ಮಗನ ಮುಂದೆ, ಎರಡೂ ಕೈ ಜೋಡಿಸಿ ನಿಂತಳು.

"ಮಿಸ್ತ್ರಿ ಸರಿ ಮಾಡಿದ ಮ್ಯಾಲ ಎರಡ ಮಳಿಗಾಲ ನಿನ್ನ ಇಂಜಿನ್ನ ಒಮ್ಮಿನೂ ನಿಂತಿದ್ದಿಲ್ಲ. ನಾ ಹತ್ತಿದ ದಿನಾನ ನಿಂತ್ತು. ನನ್ನ ಕರ್ಮಾ ಅದು, ನಿಂದಲ್ಲ. ನನ್ನ ಕೂಸಿಗೆ ನಾನ ಅಡ್ಡ ಬಂದೆ. ನಿನ್ನ ದೋಣಿನೂ ಹಾಳಾತು. ಕ್ಷಮಾ ಮಾಡಪಾ, ಭೂಪಾ."

ನಾನು ಏನು ಹೇಳಿದೆ ಎಂದು ಕೇಳುತ್ತೀರಿ. "ಆತು ಬಿಡವ್ವಾ," ಎಂದೆ.

ನಾನು ಅವಳನ್ನು ಕ್ಷಮಿಸಿದೆ.

ಸಾಯುವವರೆಗೂ ಪ್ರತಿ ಕ್ಷಮಾವಳಿಗೆ ಅವಳು ಅದನ್ನೇ ಕೇಳಿದಳು, ನಾನು ಅದನ್ನೇ ಕೊಟ್ಟೆ. ರಾಮಾ ಭೋಯಿ ನಮ್ಮ ಮನೆಯ ಕಡೆಗೆ ಮತ್ತೆ ಬರಲಿಲ್ಲ. ಸಂತೆಯಲ್ಲಿ ಎದುರಾದರೆ ನಮಸ್ಕಾರ ಎನ್ನುತ್ತಿದ್ದ, ಧಣ್ಯಾರ ಎನ್ನುತ್ತಿರಲಿಲ್ಲ. ಅವ್ವ ಸ್ವಾತಂತ್ರ್ಯ ಬರುವ ಮೊದಲೇ ಹೋದಳು. ಹೋಗುವ ಮೊದಲು ಸಲ್ಲೇಖನ ಹಿಡಿದು ಒಂದೊಂದೇ ಬಿಡುತ್ತ ಬಂದಿದ್ದಳು, ಹಾಲು, ಬೆಲ್ಲ, ಅನ್ನ. ಕಡೆಯ ದಿನಗಳಲ್ಲಿ ಬರೀ ನೀರು. ಅದನ್ನು ಸೋಸಿ ಕೊಡುತ್ತಿದ್ದವನು ನಾನು. ಅವಳು ಲೋಟವನ್ನು ಕೈಯಲ್ಲಿ ಹಿಡಿದು, ಕುಡಿಯುವ ಮೊದಲು, "ಸೋಸಿಯಲ್ಲಾ?" ಎಂದು ಕೇಳುತ್ತಿದ್ದಳು. ಎಲ್ಲರನ್ನೂ ಕೇಳುವ ಮಾತು ಅದು, ರೂಢಿಯ ಮಾತು. ಹೌದು ಎನ್ನುತ್ತಿದ್ದೆ. ಆಗ ಅದು ನಿಜವಾಗಿತ್ತು. ಆದರೂ ನನ್ನ ದನಿ ಅವತ್ತು ದೋಣಿಯಲ್ಲಿ ಬೋಲ್ಟ ಬಿಗಿ ಆಗೈತಿ ಎಂದ ದನಿಯ ಹಾಗೆಯೇ ನನ್ನ ಕಿವಿಗೆ ಬೀಳುತ್ತಿತ್ತು.

ಈಚೆಗೆ ಒಮ್ಮೊಮ್ಮೆ ನಳದ ಹಳೆಯ ಅರಿವೆಯನ್ನು ಹಿಂಡಬೇಡ, ನನಗೆ ಕೊಡು ಎಂದು ಸೊಸೆಗೆ ಹೇಳುತ್ತೇನೆ. ಮುದುಕರಿಗೆ ಏನೋ ಒಂದು ಮಡಿ ಎಂದುಕೊಂಡು ಕೊಡುತ್ತಾಳೆ. ಸೋಸಿದ ನೀರಿನ ತಂಬಿಗೆ ಹಿಡಿದು, ಸೂರ್ಯ ಇಳಿಯುವ ಮೊದಲು ಹಿತ್ತಲಿಗೆ ಹೋಗುತ್ತೇನೆ. ಅರಿವೆಯನ್ನು ತಿರುವಿ ಹಿಡಿಯುತ್ತೇನೆ, ಅವ್ವ ಹಿಡಿಯುತ್ತಿದ್ದಂತೆಯೇ. ಅಷ್ಟರಲ್ಲಿ ಕೈ ನಿಂತುಬಿಡುತ್ತದೆ. ಈ ನೀರು ಯಾವ ಹೊಳೆಯದೋ, ಯಾವ ಕೆರೆಯದೋ, ಎಲ್ಲಿಯ ಟಾಕಿಯಿಂದ ಬಂದದ್ದೋ ನನಗೆ ಗೊತ್ತಿಲ್ಲ. ಇವುಗಳ ಮನೆ ಎಲ್ಲಿ ಎಂದು ಕೇಳೋಣವೆಂದರೆ ಅವ್ವ ಇಲ್ಲ. ಅರಿವೆಯ ತುದಿಯಿಂದ ಹನಿಗಳು ನನ್ನ ಪಾದದ ಮೇಲೆ ಬೀಳುತ್ತವೆ. ಒಳಗಿನಿಂದ ಸೊಸೆ, "ಮಾವಾರ, ಹೊತ್ತ ಮುಳಗಾಕತ್ತೈತ್ರಿ, ಊಟಕ್ಕ ಬರ್ರಿ," ಎಂದು ಕರೆಯುತ್ತಾಳೆ. ಬಂದೆ ಎನ್ನುತ್ತೇನೆ. ಎಷ್ಟೋ ದಿನ, ಹೊತ್ತು ಮುಳುಗಿಯೇ ಹೋಗುತ್ತದೆ. ಆಮೇಲೆ ಊಟವಿಲ್ಲ.